ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಡಂಬಡಿಕೆ ಮತ್ತು ನಕ್ಷತ್ರ ಆಮೆಯ ಸಂರಕ್ಷಣೆ

ಅಳಿವಿನಂಚಿನಲ್ಲಿರುವ ವನ್ಯಪ್ರಾಣಿ ಹಾಗೂ ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಡಂಬಡಿಕೆಯನ್ನು ಸಂಕ್ಷಿಪ್ತವಾಗಿ ಸೈಟಿಸ್ ಎಂದು ಕರೆಯಲಾಗುತ್ತದೆ. ಇದು 1973ರಲ್ಲಿ ವಾಷಿಂಗ್ಟನ್‌ನಲ್ಲಿ ಅಂಗೀಕೃತವಾಗಿ, 1975ರ ಜುಲೈ 1ರಿಂದ ಜಾರಿಗೆ ಬಂದಿತು. ಭಾರತವು 1976ರಲ್ಲಿ ಇದಕ್ಕೆ ಸೇರ್ಪಡೆಯಾಯಿತು. ಒಡಂಬಡಿಕೆಗೆ ಮೂರು ಅನುಬಂಧಗಳಿವೆ. ಒಂದನೇ ಅನುಬಂಧದಲ್ಲಿರುವ ಜೀವಿಗಳ ವಾಣಿಜ್ಯ ವ್ಯಾಪಾರವನ್ನು ಸಾಮಾನ್ಯವಾಗಿ ನಿಷೇಧಿಸಲಾಗಿದೆ. ಎರಡನೇ ಅನುಬಂಧದಲ್ಲಿರುವ ಜೀವಿಗಳನ್ನು ರಫ್ತು ಮಾಡುವ ದೇಶದ ಅನುಮತಿ ಪತ್ರದೊಡನೆ ಮಾತ್ರ ಸಾಗಿಸಬಹುದು. ಮೂರನೆಯದು ಯಾವುದೇ ಒಂದು ದೇಶವು ತನ್ನ ಜೀವಿಗಳ ರಕ್ಷಣೆಗೆ ಇತರ ದೇಶಗಳ ಸಹಕಾರ ಕೋರಿ ಸೇರಿಸುವ ಪಟ್ಟಿಯಾಗಿದೆ.

ಸದರಿ ಒಡಂಬಡಿಕೆಯು ಗಡಿ ದಾಟುವ ವಹಿವಾಟಿಗೆ ಮಾತ್ರ ಅನ್ವಯಿಸುತ್ತದೆ. ದೇಶದೊಳಗೆ ಹಿಡಿಯುವುದು, ಸಾಕುವುದು ಹಾಗೂ ಮಾರುವುದನ್ನು ಆಯಾ ದೇಶದ ಕಾನೂನೇ ತಡೆಯಬೇಕು. ಸಾರ್ವಜನಿಕರಲ್ಲಿ ಅನೇಕರು ಗಮನಿಸದಿರುವ ಅಂಶವಿದು.

ನಕ್ಷತ್ರ ಆಮೆಯ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕರ್ನಾಟಕ, ಆಂಧ್ರಪ್ರದೇಶ ಹಾಗೂ ತಮಿಳುನಾಡಿನ ಒಣ ಕುರುಚಲು ಪ್ರದೇಶಗಳಲ್ಲಿ, ವಾಯವ್ಯ ಭಾರತ ಮತ್ತು ಅದಕ್ಕೆ ಹೊಂದಿದ ಪಾಕಿಸ್ತಾನದಲ್ಲಿ ಹಾಗೂ ಶ್ರೀಲಂಕಾದಲ್ಲಿ ಈ ಆಮೆ ವಾಸಿಸುತ್ತದೆ. ಚಿಪ್ಪಿನ ಮೇಲಿನ ನಕ್ಷತ್ರಾಕಾರದ ಗೆರೆಗಳೇ ಇದಕ್ಕೆ ಮುಳುವಾಗಿವೆ. ಮನೆಯಲ್ಲಿದ್ದರೆ ಶುಭವೆಂಬ ನಂಬಿಕೆಯೂ ಬೇಡಿಕೆಯನ್ನು ಹೆಚ್ಚಿಸಿದೆ. ಆಂಧ್ರಪ್ರದೇಶದ ಒಂದೇ ಸಂಗ್ರಹಣಾ ಕೇಂದ್ರದಿಂದ ವರ್ಷವೊಂದರಲ್ಲಿ ಕನಿಷ್ಠ 55,000 ಆಮೆಗಳನ್ನು ಹಿಡಿಯಲಾಗಿತ್ತೆಂದು 2015ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜಿಸಿತು. ಭಾರತದ ಕಾಯ್ದೆಯ ರಕ್ಷಣೆ ಇದ್ದಾಗಲೇ ಇದು ನಡೆದಿತ್ತು. ಆಮೆಯು ಎರಡನೇ ಅನುಬಂಧದಲ್ಲಿದ್ದುದರಿಂದ, ಗಡಿಯಾಚೆ ತಲುಪಿದ ಮೇಲೆ ಅದನ್ನು ಸಾಕಣೆಯಲ್ಲಿ ಹುಟ್ಟಿದ್ದೆಂದು ತೋರಿಸಿ ಮಾರಾಟ ಮಾಡಲು ಅವಕಾಶವಾಗುತ್ತಿತ್ತು.

2019ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಸೈಟಿಸ್ ಸಮ್ಮೇಳನದಲ್ಲಿ ಭಾರತ ಮತ್ತು ಇತರ ದೇಶಗಳ ಪ್ರಸ್ತಾವನೆಯ ಮೇರೆಗೆ ನಕ್ಷತ್ರ ಆಮೆಯನ್ನು ಒಂದನೇ ಅನುಬಂಧಕ್ಕೆ ವರ್ಗಾಯಿಸಲಾಯಿತು. ಇದರಿಂದ ಆಮದು ಮಾಡಿಕೊಳ್ಳುವ ದೇಶವೂ ಪ್ರತ್ಯೇಕ ಅನುಮತಿ ನೀಡಬೇಕಾಗಿದ್ದು, ತಪಾಸಣೆಯ ಹೊಣೆ ಎರಡೂ ಕಡೆಗೆ ಬಂದಿದೆ. ಆದಾಗ್ಯೂ, ನೋಂದಾಯಿತ ಕೇಂದ್ರಗಳಲ್ಲಿ ಸಾಕಿ ಬೆಳೆಸಿದ ಪ್ರಾಣಿಗಳಿಗೆ ಒಡಂಬಡಿಕೆಯಲ್ಲಿ ವಿನಾಯಿತಿ ಇರುವುದರಿಂದ ದಾಖಲೆಗಳ ಪರಿಶೀಲನೆಯು ಇಂದಿಗೂ ನಿರ್ಣಾಯಕವಾಗಿದೆ.

ವಶಪಡಿಸಿಕೊಂಡ ಆಮೆಗಳನ್ನು ಹಿಂತಿರುಗಿಸುವುದು ಸುಲಭವಲ್ಲ. 2018ರ ನವೆಂಬರ್‌ನಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳನ್ನು ಕರ್ನಾಟಕಕ್ಕೆ ತರಲಾಯಿತು. ಇಂತಹ ಪ್ರಾಣಿಗಳನ್ನು ನೇರವಾಗಿ ಕಾಡಿಗೆ ಬಿಡುವಂತಿಲ್ಲ. ರೋಗ ತಪಾಸಣೆಗಾಗಿ ಪ್ರತ್ಯೇಕವಾಗಿ ಇರಿಸಬೇಕು; ಅವು ಯಾವ ಪ್ರದೇಶದವು ಎಂಬುದನ್ನೂ ನೋಡಬೇಕು. ಕಳ್ಳಸಾಗಣೆಯಾದ ಸಾವಿರಾರು ಆಮೆಗಳ ಎದುರು 51 ಎಂಬುದು ಅತ್ಯಲ್ಪ ಸಂಖ್ಯೆ.

ಹೊರದೇಶದ ಪ್ರಾಣಿಗಳ ವಿಷಯದಲ್ಲಿ ಕೊರತೆ ನಮ್ಮ ಕಡೆಯೇ ಇತ್ತು. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972 ಮುಖ್ಯವಾಗಿ ದೇಶೀಯ ಜೀವಿಗಳಿಗೆ ಅನ್ವಯಿಸುತ್ತಿದ್ದುದರಿಂದ, ಗಡಿಯಲ್ಲಿ ಸುಂಕ ಅಧಿಕಾರಿಗಳ ಕಣ್ತಪ್ಪಿಸಿ ಬಂದ ವಿದೇಶಿ ಪ್ರಾಣಿಯ ವಿರುದ್ಧ ಒಳನಾಡಿನಲ್ಲಿ ಕ್ರಮ ಕೈಗೊಳ್ಳುವುದು ಕಷ್ಟವಾಗಿತ್ತು. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಸೈಟಿಸ್ ಜೀವಿಗಳನ್ನು ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿಸಿತು.

ಸದರಿ ಅನುಸೂಚಿಯ ಜೀವಂತ ಪ್ರಾಣಿಗಳನ್ನು, ಉದಾಹರಣೆಗೆ ಬೂದು ಬಣ್ಣದ ಆಫ್ರಿಕನ್ ಗಿಳಿಯನ್ನು, ಹೊಂದಿರುವವರು 2024ರ ನಿಯಮಗಳನ್ವಯ ಪರಿವೇಶ್ 2.0 ಜಾಲತಾಣದ ಮೂಲಕ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು. ಹಾಲಿ ಮಾಲೀಕರಿಗೆ ನೀಡಿದ್ದ ಆರು ತಿಂಗಳ ಅವಧಿ 2024ರ ಆಗಸ್ಟ್‌ನಲ್ಲಿ ಮುಗಿದಿದೆ. ಹೊಸದಾಗಿ ಪ್ರಾಣಿಯನ್ನು ಪಡೆದವರು 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಹಸ್ತಾಂತರ, ಮರಿಗಳ ಜನನ ಹಾಗೂ ಮರಣವನ್ನೂ ವರದಿ ಮಾಡಬೇಕು.

ನಕ್ಷತ್ರ ಆಮೆಗೆ ಈ ನೋಂದಣಿ ಅನ್ವಯಿಸುವುದಿಲ್ಲ. ಅದು ಈಗ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದ್ದು, ಹಿಡಿಯುವುದು ಹಾಗೂ ಮಾರುವುದು ಮೂರರಿಂದ ಏಳು ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡಕ್ಕೆ ಅರ್ಹವಾದ ಅಪರಾಧವಾಗಿದೆ. ಅನುಮತಿಯಿಲ್ಲದೆ ಅದನ್ನು ಸಾಕುವಂತಿಲ್ಲ. ಹೊಲದಲ್ಲಿ ಕಂಡ ಆಮೆಯನ್ನು ಇದ್ದಲ್ಲಿಯೇ ಬಿಡುವುದು. ಯಾವುದೇ ರೀತಿಯಲ್ಲಿ ಆಮೆ ತಮ್ಮ ವಶಕ್ಕೆ ಬಂದಿದ್ದಲ್ಲಿ, 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅರಣ್ಯಾಧಿಕಾರಿಗೆ ವರದಿ ಮಾಡತಕ್ಕದ್ದು.