ಮಾಟುಂಗಾದಿಂದ ನೆರೂಳ್‌ವರೆಗೆ: ಕೊಳಚೆ ಕೆಸರಿನ ಸೂಕ್ಷ್ಮಜೀವಿಗಳ ಚರಿತ್ರೆ

ನವಿ ಮುಂಬಯಿಯ ನೆರೂಳಿನಲ್ಲಿ ದಿನಕ್ಕೆ ಹತ್ತು ಕೋಟಿ ಲೀಟರ್ ಕೊಳಚೆ ನೀರನ್ನು ಶುದ್ಧಿ ಮಾಡಬಲ್ಲ ಘಟಕವಿದೆ. ತೊಟ್ಟಿಗೆ ನೀರು ತುಂಬಿಸಿ ಗಾಳಿ ಊದುತ್ತಾರೆ. ಕೆಸರು ತಳಕ್ಕಿಳಿಯುವವರೆಗೆ ಕಾಯುತ್ತಾರೆ. ಆಮೇಲೆ ಮೇಲಿನ ತಿಳಿನೀರನ್ನಷ್ಟೇ ಹೊರಬಿಡುತ್ತಾರೆ. ಇಷ್ಟೂ ಕೆಲಸ ಒಂದೇ ತೊಟ್ಟಿಯಲ್ಲಿ, ಸರದಿಯ ಮೇಲೆ ನಡೆಯುತ್ತದೆ. ವಾಶಿಯಲ್ಲೂ ಐರೋಳಿಯಲ್ಲೂ ಇದೇ ಪದ್ಧತಿ. ಅತ್ಯಾಧುನಿಕವೆಂದು ಹೆಸರಾದ ಈ ಕ್ರಮ ವಾಸ್ತವದಲ್ಲಿ ಈ ವಿದ್ಯೆಯ ಮೊತ್ತಮೊದಲ ರೂಪ.

ರಸಾಯನ ವಿಜ್ಞಾನಿಗಳಾದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ 1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನಲ್ಲಿ ಮಂಡಿಸಿದ ಪ್ರಬಂಧದಲ್ಲಿ ಇದರ ವಿವರವಿದೆ. ಅವರು ಬಾಟಲಿಗಳಲ್ಲಿ ಕೊಳಚೆ ತುಂಬಿ ಗಾಳಿ ಹಾಯಿಸಿದರು. ಪಾಚಿ ಬೆಳೆಯದಂತೆ ಬೆಳಕನ್ನೂ ತಡೆದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ಅದುವರೆಗೆ ಇಂಥ ಪ್ರಯೋಗ ಮಾಡಿದವರಲ್ಲಿ ಹೆಚ್ಚಿನವರು ತಳದ ಗಷ್ಟನ್ನು ಚೆಲ್ಲಿಬಿಡುತ್ತಿದ್ದರು. ಇವರು ಅದನ್ನು ಉಳಿಸಿಕೊಂಡು ಅದರ ಮೇಲೆಯೇ ಹೊಸ ಕೊಳಚೆ ಸುರಿಯುತ್ತ ಹೋದರು. ಕೊನೆಗೆ ಅದೇ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಆ ಗಷ್ಟೇ ಸಕ್ರಿಯ ಕೆಸರು.

ಈ ಚರಿತ್ರೆಯನ್ನು ಮ್ಯಾಂಚೆಸ್ಟರಿನಿಂದ ಆರಂಭಿಸಿ ಯುರೋಪು, ಅಮೆರಿಕಗಳಲ್ಲಿ ಮುಗಿಸುವ ವಾಡಿಕೆ ಇದೆ. ಅದು ಅರ್ಧ ಚರಿತ್ರೆ. 1897ರಷ್ಟು ಹಿಂದೆಯೇ ಮುಂಬಯಿಯ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ ಕೊಳಚೆಯಿಂದ ಹುಟ್ಟಿದ ಅನಿಲವನ್ನು ದೀಪ ಉರಿಸಲು ಬಳಸಿದ್ದರು. ಗಾಳಿಯಿಲ್ಲದ ಕಡೆ ಕೊಳೆಯಿಸಿ ಮೀಥೇನ್ ಬಿಡುಗಡೆ ಮಾಡುವ ಜೀವಿಗಳು ಅಲ್ಲಿ ದುಡಿದದ್ದು ಹೀಗೆ.

ಇನ್ನೊಂದು ಅಧ್ಯಾಯ ಬೆಂಗಳೂರಿನದು. ಆರ್ಡರ್ನ್ ಮತ್ತು ಲಾಕೆಟ್‌ರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಕಣ್ಣು ನೀರಿಗಿಂತ ಹೆಚ್ಚಾಗಿ ಸಾರಜನಕದ ಮೇಲಿತ್ತು. ಊರಿನ ಹೊಲಸಿನಲ್ಲಿ ಹರಿದುಹೋಗುವ ಸಾರಜನಕವನ್ನು ಹೊಲಕ್ಕೆ ಹಿಂದಿರುಗಿಸುವುದು ಹೇಗೆಂಬ ಪ್ರಶ್ನೆಯನ್ನು ಹಿಡಿದು 1934ರಲ್ಲಿ ಪುಸ್ತಕವನ್ನೇ ಬರೆದರು. ಅದೇ ಸಂಸ್ಥೆಯಲ್ಲಿ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ 1942ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ದಿಟ್ಟ ವಾದ ಮುಂದಿಟ್ಟರು. ಕೆಸರಿನಲ್ಲಿ ಮುಖ್ಯ ಕೆಲಸ ಬ್ಯಾಕ್ಟೀರಿಯಾಗಳದ್ದಲ್ಲ, ಎಪಿಸ್ಟೈಲಿಸ್‌ನಂಥ ಪ್ರೊಟೊಜೋವಾಗಳದ್ದು ಎಂಬುದು ಆ ವಾದ. ಇದು ತುಸು ಅತಿಯಾಯಿತು. ಕೊಳೆಯನ್ನು ಕರಗಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಾಗಳೇ. ಅಮೋನಿಯಾವನ್ನು ನೈಟ್ರೊಸೊಮೊನಾಸ್ ನೈಟ್ರೈಟ್ ಮಾಡಿದರೆ, ಅದನ್ನು ನೈಟ್ರೊಸ್ಪೈರಾ ನೈಟ್ರೇಟ್ ಮಾಡುತ್ತದೆ. ಆದರೆ 1960ರ ದಶಕದಲ್ಲಿ ಇಂಗ್ಲೆಂಡಿನ ಕರ್ಡ್ಸ್ ಮತ್ತು ಸಂಗಡಿಗರು ಪ್ರೊಟೊಜೋವಾ ಇಲ್ಲದ ತೊಟ್ಟಿಯ ನೀರು ಕದಡಿಯೇ ಉಳಿಯುತ್ತದೆಂದೂ, ಅವನ್ನು ಸೇರಿಸಿದರೆ ತಿಳಿಯಾಗುತ್ತದೆಂದೂ ತೋರಿಸಿದರು. ಬೆಂಗಳೂರಿನವರು ಹಿಡಿದ ಎಳೆ ಸರಿಯಾಗಿತ್ತು. ಅದಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಸುಬ್ರಹ್ಮಣ್ಯನ್ ಮುಂದೆ ಮೈಸೂರಿನ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾಗಿ ಆ ಕೆಲಸದಿಂದಲೇ ಪರಿಚಿತರಾದದ್ದೂ ಇದಕ್ಕೆ ಒಂದು ಕಾರಣವಿರಬಹುದು.

ನೆರೂಳಿನಂಥ ಘಟಕಗಳ ಪ್ರಯೋಗಾಲಯದಲ್ಲಿ ಇಂದಿಗೂ ನಡೆಯುವ ಪರೀಕ್ಷೆ ಸರಳ. ಒಂದು ಲೀಟರಿನ ಗಾಜಿನ ಜಾಡಿಗೆ ತೊಟ್ಟಿಯ ಕಂದು ನೀರು ತುಂಬಿ ಮೂವತ್ತು ನಿಮಿಷ ಅಲುಗಿಸದೆ ಇಡುತ್ತಾರೆ. ಕೆಸರು ಎಷ್ಟು ಗುರುತಿನವರೆಗೆ ಇಳಿಯಿತೆಂದು ಓದಿಕೊಳ್ಳುತ್ತಾರೆ. ಉಬ್ಬಿ ಮೇಲೆಯೇ ನಿಂತರೆ ಎಳೆಯಾಕಾರದ ಬ್ಯಾಕ್ಟೀರಿಯಾ ಹೆಚ್ಚಿದೆಯೆಂಬ ಶಂಕೆ. ಸೂಕ್ಷ್ಮದರ್ಶಕದಡಿ ಒಂದು ಹನಿ ಇಟ್ಟರೆ ಗಂಟೆಯಾಕಾರದ ಪ್ರೊಟೊಜೋವಾ ವೋರ್ಟಿಸೆಲ್ಲಾ ಕಾಣುತ್ತದೆ. ಚೂರು ತಗುಲಿದರೆ ಸಾಕು, ಅದರ ತೊಟ್ಟು ಸುರುಳಿಯಾಗಿ ಮುದುಡುತ್ತದೆ. ಅದು ಚುರುಕಾಗಿದ್ದರೆ ತೊಟ್ಟಿ ಸುಸ್ಥಿತಿಯಲ್ಲಿದೆಯೆಂದು ಲೆಕ್ಕ. ವಿಷ ಬಂದಾಗ ಮೊದಲು ಮಾಯವಾಗುವವುಗಳಲ್ಲಿ ಇದೂ ಒಂದು.

ಮುಂಬಯಿ ಬಳಿಯ ಡೊಂಬಿವಲಿಯ ಕಷ್ಟ ಈ ವಿಷದ್ದೇ. ಬಣ್ಣ, ಔಷಧ, ರಾಸಾಯನಿಕ ಕಾರ್ಖಾನೆಗಳ ನೀರಿಗೆ ಅಲ್ಲಿ ಸಾಮೂಹಿಕ ಸಂಸ್ಕರಣಾ ಘಟಕಗಳಿವೆ. 2020ರ ಫೆಬ್ರವರಿಯಲ್ಲಿ ಕೈಗಾರಿಕಾ ಪ್ರದೇಶದ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಸುದ್ದಿಯಾಗಿತ್ತು. ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ನಿಧಾನವಾಗಿ ಹೆಚ್ಚುವುದರಿಂದ ಇಂಥ ನೀರಿನ ವಿಷಕ್ಕೆ ಒಮ್ಮೆ ಸತ್ತರೆ ಚೇತರಿಕೆಗೆ ವಾರಗಳು ಬೇಕು. ಲೋಹಗಳ ವಿಚಾರ ಇನ್ನೂ ಕಠಿಣ. ಜೀವಿಗಳು ಅವನ್ನು ಅರಗಿಸಲಾರವು, ಮೈಗೆ ಅಂಟಿಸಿಕೊಳ್ಳುತ್ತವೆ ಅಷ್ಟೆ. ಹಾಗಾಗಿ ಇಂಥ ಘಟಕಗಳ ಕೆಸರು ಗೊಬ್ಬರವಾಗದೆ ಅಪಾಯಕಾರಿ ತ್ಯಾಜ್ಯವೆನಿಸಿ ತಳೋಜಾದ ವಿಲೇವಾರಿ ತಾಣಕ್ಕೆ ಹೋಗುತ್ತದೆ.

ಮುಂಬಯಿ ಮತ್ತು ನವಿ ಮುಂಬಯಿ ನಡುವಿನ ಕಡಲ ಹಿನ್ನೀರಾದ ಠಾಣೆ ಖಾರಿಯ ಕತೆ ವಿಚಿತ್ರ. ಕೊಳಚೆಯ ಸಾರಜನಕ, ರಂಜಕ ಉಂಡು ಬೆಳೆಯುವ ನೀಲಿ ಹಸಿರು ಪಾಚಿಯೇ ಅಲ್ಲಿಗೆ ಬರುವ ಸಣ್ಣ ರಾಜಹಂಸಗಳ ಆಹಾರ. 2015ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸರ್ ತಾಣವಾಗಿ ಹೆಸರಾದ ಈ ಜೌಗಿಗೆ ಊರಿನ ಹೊಲಸೂ ಒಂದು ಮಟ್ಟಿಗೆ ಅನ್ನದಾತ. ಇದನ್ನು ಹೇಳಲು ನಮ್ಮ ಪರಿಸರ ಬರಹಗಳು ಹಿಂಜರಿಯುತ್ತವೆ.

ಮನೆಬಳಕೆಯ ಕೊಳಚೆಯಷ್ಟೇ ಬರುವ ತೊಟ್ಟಿಯ ಕೆಸರು ಫೌಲರ್ ಬಯಸಿದಂತೆ ಹೊಲಕ್ಕೆ ಹೋಗಬಲ್ಲದು. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶವು ನಗರ ಕಾಂಪೋಸ್ಟ್‌ನಲ್ಲಿ ಕಿಲೋಗೆ 5 ಮಿಲಿಗ್ರಾಂ ಕ್ಯಾಡ್ಮಿಯಂ, 100 ಮಿಲಿಗ್ರಾಂ ಸೀಸದವರೆಗೆ ಮಾತ್ರ ಒಪ್ಪುತ್ತದೆ. ಈ ಮಿತಿಯೊಳಗಿರಬೇಕಾದರೆ ಠಾಣೆ, ಕಲ್ಯಾಣ್, ಡೊಂಬಿವಲಿಗಳಲ್ಲಿ ಕಾರ್ಖಾನೆಯ ಗಟಾರವನ್ನೂ ಮನೆಗಳ ಗಟಾರವನ್ನೂ ಒಂದಾಗಲು ಬಿಡಬಾರದು. ಅದು ಸೂಕ್ಷ್ಮಜೀವಿ ವಿಜ್ಞಾನಿಗಳ ಕೈಯಲ್ಲಿಲ್ಲ, ನಗರಪಾಲಿಕೆಗಳ ಕೈಯಲ್ಲಿದೆ.