ಹದಿನೇಳನೆಯ ಶತಮಾನದ ರಾಜಕಾರಣದಲ್ಲಿ ಜ್ಯೋತಿಷಿ: ವಿಶಾಲಾಕ್ಷ ಪಂಡಿತ ಮತ್ತು ವಿಲಿಯಂ ಲಿಲಿ

ಕೊಡಗಿನಲ್ಲಿ ವರ್ಷದ ಎರಡು ಪುಣ್ಯಕಾಲಗಳನ್ನು ಜ್ಯೋತಿಷದ ಗಣನೆಯೇ ನಿರ್ಣಯಿಸುತ್ತದೆ. ತುಲಾ ಸಂಕ್ರಮಣದಲ್ಲಿ ತಲಕಾವೇರಿಯ ತೀರ್ಥೋದ್ಭವದ ಮುಹೂರ್ತವೊಂದು. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಗೊತ್ತುಪಡಿಸುವ ಹುತ್ತರಿಯ ಮುಹೂರ್ತ ಮತ್ತೊಂದು. ಆ ಮುಹೂರ್ತ ಕೂಡಿಬಂದಾಗ ಕುಟುಂಬದವರು ಗದ್ದೆಗಿಳಿದು ಹೊಸ ಕದಿರನ್ನು ಕೊಯ್ದು ಮನೆಗೆ ತರುತ್ತಾರೆ. ಕಾಲವನ್ನು ಗಣಿಸಿ ಹೇಳಬಲ್ಲವನಿಗೆ ಸಮಾಜದಲ್ಲಿ ಸಲ್ಲುವ ಮನ್ನಣೆಗೆ ಬೇರೆ ನಿದರ್ಶನ ಬೇಕಿಲ್ಲ. ಆದರೆ ಅಂಥವನು ಕೊಯ್ಲಿನ ಕಾಲವನ್ನು ಬಿಟ್ಟು ರಾಜ್ಯದ ಏಳುಬೀಳುಗಳ ಕಾಲವನ್ನು ಹೇಳತೊಡಗಿದರೆ ಆಗುವುದೇನು? ಅವನ ಮಾತಿಗೆ ಬೆಲೆ ಬರುವುದು ಎಲ್ಲಿಂದ? ಈ ಪ್ರಶ್ನೆಗಳನ್ನು ನಾವು ಇಬ್ಬರು ಸಮಕಾಲೀನರ ಜೀವನದ ಮೂಲಕ ಪರಿಶೀಲಿಸಬಯಸುತ್ತೇವೆ. ಒಬ್ಬನು ಮೈಸೂರಿನ ಚಿಕ್ಕದೇವರಾಜ ಒಡೆಯನ ಮಂತ್ರಿಯಾದ ವಿಶಾಲಾಕ್ಷ ಪಂಡಿತ. ಇನ್ನೊಬ್ಬನು ಲಂಡನ್ನಿನ ವಿಲಿಯಂ ಲಿಲಿ. ಮುದ್ದುರಾಜನು ಮಡಿಕೇರಿಯನ್ನು ರಾಜಧಾನಿಯಾಗಿ ಮಾಡಿಕೊಂಡ ೧೬೮೧ರಲ್ಲೇ ಲಿಲಿ ಮೃತನಾದನು. ಅದಾದ ಐದು ವರ್ಷಗಳಲ್ಲಿ ಪಂಡಿತನೂ ಮರಣ ಹೊಂದಿದನು. ಒಬ್ಬರ ಹೆಸರನ್ನೊಬ್ಬರು ಕೇಳಿರಲಾರರು. ಆದರೂ ಇಬ್ಬರನ್ನೂ ಒಟ್ಟಿಗಿಟ್ಟು ನೋಡಿದಾಗ, ಒಬ್ಬೊಬ್ಬರನ್ನೇ ನೋಡಿದಾಗ ಕಾಣದ ಕೆಲವು ಸಂಗತಿಗಳು ಗೋಚರವಾಗುತ್ತವೆ.

ಚಿಕ್ಕದೇವರಾಜನ ಹೆಸರು ಕೊಡಗಿನವರಿಗೆ ಅಪರಿಚಿತವಲ್ಲ. ಅವನ ಸೈನ್ಯವನ್ನು ಪಾಲುಪಾರೆಯ ಬಯಲಿನಲ್ಲಿ ಕೊಡಗರು ಸೋಲಿಸಿದ ವೃತ್ತಾಂತ ಇಲ್ಲಿನ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆದರೆ ಪಟ್ಟಕ್ಕೆ ಬರುವ ಮುನ್ನ ಈ ಅರಸನ ಸ್ಥಿತಿ ಬೇರೆಯಾಗಿತ್ತು. ೧೬೫೯ರಲ್ಲಿ ಕಂಠೀರವ ನರಸರಾಜನು ತೀರಿಕೊಂಡಾಗ ಚಿಕ್ಕದೇವರಾಜನು ಹದಿನಾಲ್ಕು ವರ್ಷದ ಬಾಲಕ. ಸಿಂಹಾಸನ ದೇವರಾಜ ಒಡೆಯನಿಗೆ ಸಂದಿತು. ಆ ಆಳ್ವಿಕೆಯಲ್ಲಿ ಚಿಕ್ಕದೇವರಾಜನು ರಾಜಧಾನಿಯಿಂದ ದೂರ, ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ಕಾಲ ಕಳೆಯಬೇಕಾಯಿತು. ಯಳಂದೂರಿನ ಜೈನ ವಿದ್ವಾಂಸನಾದ ವಿಶಾಲಾಕ್ಷ ಪಂಡಿತನು ಅವನ ಎಳೆಯ ಹರೆಯದ ಸ್ನೇಹಿತ. ಐತಿಹ್ಯದ ಪ್ರಕಾರ ಪಂಡಿತನು ರಾಜಕುಮಾರನ ಗ್ರಹಗತಿಗಳನ್ನು ನೋಡಿ ಅವನಿಗೆ ರಾಜಯೋಗವಿದೆಯೆಂದು ಹೇಳಿದನು. ಆ ಯೋಗ ಫಲಿಸಿದರೆ ತನ್ನನ್ನೇ ಪ್ರಧಾನಿಯನ್ನಾಗಿ ಮಾಡಿಕೊಳ್ಳಬೇಕೆಂದು ಭಾಷೆಯನ್ನೂ ಪಡೆದನು. ೧೬೭೩ರಲ್ಲಿ ಚಿಕ್ಕದೇವರಾಜನು ಪಟ್ಟವನ್ನೇರಿದನು. ಪಂಡಿತನು ಪ್ರಧಾನಿಯಾದನು.

ಈ ಭವಿಷ್ಯವಾಣಿಯನ್ನು ಹೇಗೆ ಗ್ರಹಿಸಬೇಕು? ಚಿಕ್ಕದೇವರಾಜನು ರಾಜವಂಶದವನು, ಸಮರ್ಥನು, ವಯಸ್ಸಿನಲ್ಲಿ ಚಿಕ್ಕವನು. ಅವನಿಗೆ ಪಟ್ಟ ಬರುವ ಸಂಭವವನ್ನು ಊಹಿಸಲು ಗ್ರಹಗಳ ನೆರವು ಅಷ್ಟೇನೂ ಬೇಕಿರಲಿಲ್ಲ. ಆದರೆ ಮೂಲೆಗೆ ಬಿದ್ದ ರಾಜಕುಮಾರನೊಬ್ಬನಿಗೆ ಆ ಮಾತನ್ನು ಧೈರ್ಯವಾಗಿ ಹೇಳುವವರು ಬೇಕಾಗಿತ್ತು. ಪಂಡಿತನು ಕೊಟ್ಟದ್ದು ಆ ಭರವಸೆಯನ್ನು, ಪಡೆದದ್ದು ವಿಶ್ವಾಸವನ್ನು. ಜ್ಯೋತಿಷವು ಇವೆರಡರ ನಡುವಿನ ಸೇತುವಾಯಿತು.

ಪ್ರಧಾನಿಯಾದ ಮೇಲೆ ಪಂಡಿತನ ಶಕ್ತಿಯೆಲ್ಲ ಆಡಳಿತಕ್ಕೆ ವಿನಿಯೋಗವಾಯಿತು. ತಿರುಮಲಾರ್ಯ, ಚಿಕ್ಕುಪಾಧ್ಯಾಯ, ಷಡಕ್ಷರಯ್ಯ, ಕರಣಿಕ ಲಿಂಗಣ್ಣಯ್ಯ ಇವರೊಡನೆ ಅವನೂ ಸೇರಿ ಐವರ ಮಂತ್ರಿಮಂಡಲವಾಗಿತ್ತು. ಈ ಆಳ್ವಿಕೆಯಲ್ಲಿಯೇ ರಾಜ್ಯದಲ್ಲೆಲ್ಲ ಅಂಚೆಯ ವ್ಯವಸ್ಥೆ ಏರ್ಪಟ್ಟಿತು. ಅಂಚೆಯವರು ಓಲೆಗಳನ್ನು ಸಾಗಿಸುವುದರ ಜೊತೆಗೆ ಊರೂರಿನ ಗುಟ್ಟುಗಳನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. ಮುಂದಾಗುವುದನ್ನು ತಿಳಿಯಲು ಅರಸನಿಗೆ ಈಗ ಜಾತಕಕ್ಕಿಂತ ನಂಬಲರ್ಹವಾದ ಸಾಧನವೊಂದು ಕೈಸೇರಿತೆಂದರೆ ತಪ್ಪಾಗದು.

ಬೊಕ್ಕಸವನ್ನು ತುಂಬಲು ಬಗೆಬಗೆಯ ಸಣ್ಣ ತೆರಿಗೆಗಳನ್ನು ಹೇರಿದಾಗ ರೈತರು ಸಿಡಿದೆದ್ದರು. ಊರ ಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿ, ತಾವು ಉಳುವುದಿಲ್ಲವೆಂದು ಸಾರಿದರೆಂದು ವಿಲ್ಕ್ಸ್ ಬರೆದಿದ್ದಾನೆ. ಈ ದಂಗೆಗೆ ಜಂಗಮರು ನಾಯಕತ್ವ ವಹಿಸಿದರೆಂದೂ, ಅರಸನು ನಂಜನಗೂಡಿನಲ್ಲಿ ನೂರಾರು ಜಂಗಮರನ್ನು ಕೊಲ್ಲಿಸಿದನೆಂದೂ ಅವನ ಕಥನವಿದೆ. ಅನಂತರದ ಇತಿಹಾಸಕಾರರು ಇದನ್ನು ಪೂರ್ಣವಾಗಿ ಒಪ್ಪಿಲ್ಲ. ದಂಗೆ ನಡೆದು ಒಂದು ಶತಮಾನಕ್ಕೂ ಮೀರಿದ ಮೇಲೆ ಬರೆದ ಗ್ರಂಥವದು ಎಂಬುದನ್ನು ನಾವೂ ಮರೆಯಬಾರದು. ಆದರೆ ತೆರಿಗೆಯ ಕಠೋರತೆಗೆ ಜೈನ ಮಂತ್ರಿಯ ಸಲಹೆಯೇ ಕಾರಣವೆಂಬ ಭಾವನೆ ಜನರಲ್ಲಿ ಬೇರೂರಿತೆಂಬುದು ಸ್ಪಷ್ಟ. ೧೬೮೬ರಲ್ಲಿ ಪಂಡಿತನು ಕೊಲೆಗೀಡಾದನು. ಸಾಯುವ ಮುನ್ನ ತನ್ನ ಸ್ಥಾನಕ್ಕೆ ಶ್ರೀವೈಷ್ಣವನಾದ ತಿರುಮಲಾರ್ಯನ ಹೆಸರನ್ನು ಸೂಚಿಸಿದನೆಂದು ಹೇಳಲಾಗಿದೆ. ಇದು ನಿಜವಾದರೆ, ಅವನ ಕಡೆಯ ಮಾತು ಭವಿಷ್ಯವಾಣಿಯಾಗಿರಲಿಲ್ಲ. ಮತಭೇದವನ್ನೆಣಿಸದ ರಾಜನೀತಿಜ್ಞನ ಸಲಹೆಯಾಗಿತ್ತು.

ಇದೇ ಶತಮಾನದ ಇಂಗ್ಲೆಂಡಿನತ್ತ ತಿರುಗೋಣ. ೧೬೦೨ರಲ್ಲಿ ಲೆಸ್ಟರ್‌ಷೈರಿನ ಹಳ್ಳಿಯೊಂದರಲ್ಲಿ ಹುಟ್ಟಿದ ಲಿಲಿ ೧೬೨೦ರಲ್ಲಿ ಲಂಡನ್ನಿಗೆ ಹೋಗಿ ಸೇವಕವೃತ್ತಿ ಹಿಡಿದನು. ಯಜಮಾನನು ತೀರಿಕೊಂಡ ಮೇಲೆ ಅವನ ವಿಧವೆಯನ್ನು ಮದುವೆಯಾಗಿ ಅನುಕೂಲಸ್ಥನಾದನು. ಮೂವತ್ತು ದಾಟಿದ ಸುಮಾರಿಗೆ ಜ್ಯೋತಿಷವನ್ನು ಕಲಿತನು. ಅವನನ್ನು ಮೇಲಕ್ಕೆತ್ತಿದ್ದು ಅರಸನ ಸ್ನೇಹವಲ್ಲ, ಅಚ್ಚಿನ ಯಂತ್ರ. ರಾಜನಿಗೂ ಪಾರ್ಲಿಮೆಂಟಿಗೂ ಕಲಹ ಹುಟ್ಟಿ ಮುದ್ರಣದ ಮೇಲಿನ ಹಿಡಿತ ಸಡಿಲವಾಗಿದ್ದ ಕಾಲವದು. ೧೬೪೪ರಲ್ಲಿ ಅವನು ಪ್ರಕಟಿಸಿದ ಮೊದಲ ಪಂಚಾಂಗದ ಪ್ರತಿಗಳು ಒಂದೇ ವಾರದಲ್ಲಿ ಮುಗಿದುಹೋದವು. ೧೬೪೫ರ ಜೂನ್ ತಿಂಗಳಲ್ಲಿ ಯುದ್ಧವಾದರೆ ಪಾರ್ಲಿಮೆಂಟಿಗೆ ಜಯವೆಂದು ಅವನು ಸೂಚಿಸಿದ್ದನು. ಆ ತಿಂಗಳ ೧೪ರಂದು ನೇಸ್‌ಬಿಯಲ್ಲಿ ರಾಜಪಕ್ಷ ಸೋತಿತು. ೧೬೪೮ರಲ್ಲಿ ಕಾಲ್ಚೆಸ್ಟರಿಗೆ ಮುತ್ತಿಗೆ ಹಾಕಿದ್ದ ಸೈನಿಕರನ್ನು ಹುರಿದುಂಬಿಸಲು ಅವನನ್ನು ಕರೆಸಿಕೊಂಡರು. ವರ್ಷಕ್ಕೆ ೧೦೦ ಪೌಂಡುಗಳ ವೇತನವೂ ಮಂಜೂರಾಯಿತು. ವಿಪರ್ಯಾಸವೆಂದರೆ, ಸೆರೆಯಲ್ಲಿದ್ದ ಒಂದನೆಯ ಚಾರ್ಲ್ಸ್ ರಾಜನ ಕಡೆಯವರೂ ರಾಜನು ಎತ್ತ ಪಾರಾಗಬೇಕೆಂದು ಕೇಳಲು ಬಂದದ್ದು ಇದೇ ಲಿಲಿಯ ಬಳಿಗೆ. ಜೇನ್ ಹೋರ್‌ವುಡ್ ಎಂಬ ಮಹಿಳೆಗೆ ಅವನು ಎಸೆಕ್ಸಿನ ದಿಕ್ಕನ್ನು ತೋರಿಸಿದನು. ರಾಜನು ವೈಟ್ ದ್ವೀಪಕ್ಕೆ ಹೋಗಿ ಅಲ್ಲಿ ಮತ್ತೆ ಸೆರೆಯಾದನು.

ಯಾವ ಪಕ್ಷದ ಬೆಂಬಲದಿಂದ ಲಿಲಿ ಬೆಳೆದನೋ ಆ ಪಕ್ಷವೇ ೧೬೫೨ರಲ್ಲಿ ಅವನನ್ನು ಬಂಧಿಸಿತು. ಪಾರ್ಲಿಮೆಂಟಿನ ಬುಡ ಅಲುಗಾಡುತ್ತಿದೆಯೆಂದು ಬರೆದದ್ದೇ ಅಪರಾಧ. ಅವನು ಆಕ್ಷೇಪಾರ್ಹವಾದ ಮಾತುಗಳನ್ನು ತಿದ್ದಿ ಅವಸರದಲ್ಲಿ ಬೇರೆ ಪ್ರತಿಗಳನ್ನು ಅಚ್ಚು ಹಾಕಿಸಿ, ನನ್ನದು ಇದೇ ಎಂದು ಸಾಧಿಸಿ, ಕೆಲವು ದಿನಗಳ ಸೆರೆವಾಸದಿಂದ ಹೊರಬಂದನು. ೧೬೬೬ರ ಲಂಡನ್ ಅಗ್ನಿ ದುರಂತದ ಬಳಿಕ ಮತ್ತೆ ವಿಚಾರಣೆ. ೧೬೫೧ರಲ್ಲಿ ಅವನು ಮುದ್ರಿಸಿದ್ದ ಚಿತ್ರಗಳಲ್ಲಿ ಉರಿಯುವ ನಗರದ ಸಂಕೇತವಿತ್ತು. ಬೆಂಕಿ ಬೀಳುವುದನ್ನು ಮೊದಲೇ ಬಲ್ಲವನು ಬೆಂಕಿ ಇಟ್ಟವರನ್ನೂ ಬಲ್ಲನೇ ಎಂಬುದು ವಿಚಾರಣೆಯವರ ಶಂಕೆ. ಇಸವಿಯನ್ನು ತಾನು ಗೊತ್ತುಮಾಡಿ ಹೇಳಿರಲಿಲ್ಲವೆಂದು ವಿನಯದಿಂದ ಉತ್ತರಿಸಿ ಅವನು ಪಾರಾದನು. ಅರಸೊತ್ತಿಗೆ ಮರಳಿದ ಮೇಲೂ ಬದುಕಿ, ೧೬೮೧ರಲ್ಲಿ ಹರ್ಶಾಮಿನ ತನ್ನ ಮನೆಯಲ್ಲಿ ವೃದ್ಧನಾಗಿ ಸತ್ತನು.

ಈ ಎರಡು ಜೀವನಗಳ ಅಂತರ ಗ್ರಹಗತಿಗಳಿಂದ ಹುಟ್ಟಿದ್ದಲ್ಲ. ಅವರವರ ಮಾತನ್ನು ನಂಬಿದವರಿಂದ ಹುಟ್ಟಿದ್ದು. ಪಂಡಿತನನ್ನು ನಂಬಿದವನು ಒಬ್ಬನೇ, ಆದರೆ ಅವನು ಅರಸ. ಆ ನಂಬಿಕೆ ಅಧಿಕಾರವನ್ನು ತಂದಿತು. ಅಧಿಕಾರವು ಹೊಣೆಯನ್ನು ತಂದಿತು. ಅರಸನ ಮೇಲಿನ ಕೋಪ ಮಂತ್ರಿಯ ತಲೆಯ ಮೇಲೆ ಬಿದ್ದಿತು. ಲಿಲಿಯನ್ನು ನಂಬಿದವರು ಅಂಗಡಿಯಲ್ಲಿ ಪಂಚಾಂಗವನ್ನು ಕೊಂಡ ಸಾವಿರಾರು ಮಂದಿ. ಅವನಿಗೆ ಕೀರ್ತಿಯೂ ಹಣವೂ ಬಂದವು. ತೆರಿಗೆ ಹಾಕುವ ಅಧಿಕಾರ ಬರಲಿಲ್ಲ. ಆದುದರಿಂದಲೇ ಮಾತನ್ನು ತಿದ್ದಿಕೊಳ್ಳುವ ಅವಕಾಶ ಅವನಿಗುಳಿಯಿತು. ಒಂದು ಹಾಳೆಯನ್ನು ಮರಳಿ ಅಚ್ಚು ಹಾಕಿಸಬಹುದು. ತಲೆಕೆಳಗಾಗಿ ತೂಗಿದ ನೇಗಿಲನ್ನು ಹಾಗೆ ಸುಲಭವಾಗಿ ಇಳಿಸಲಾಗದು.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಮತ್ತೊಂದು ಪಾಠವಿದೆ. ಲಿಲಿಯ ಮಾತುಗಳು ಘಟನೆಗಳಿಗೆ ಮುಂಚೆಯೇ ಅಚ್ಚಾದುವು. ಅವುಗಳಲ್ಲಿ ತಪ್ಪಿದವೂ ನಮ್ಮ ಮುಂದಿವೆ. ಪಂಡಿತನ ಮಾತು ಗ್ರಂಥಸ್ಥವಾದದ್ದು ಅದು ಫಲಿಸಿದ ಎಷ್ಟೋ ಕಾಲದ ಮೇಲೆ. ಫಲಿಸದಿದ್ದರೆ ಯಾರೂ ಅದನ್ನು ನೆನೆಯುತ್ತಿರಲಿಲ್ಲ. ನಮ್ಮ ಬಖೈರುಗಳಲ್ಲಿಯೂ ವಂಶಾವಳಿಗಳಲ್ಲಿಯೂ ಇಂತಹ ಭವಿಷ್ಯವಾಣಿಗಳು ಹೇರಳವಾಗಿವೆ. ಅವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದೂ, ನಡೆದ ಸಂಗತಿಯೆಂದು ನಂಬುವುದೂ ಸಮನಾಗಿ ಅವಿಚಾರವೇ. ಆ ಮಾತನ್ನು ಯಾವಾಗ ಬರೆದರು, ಯಾರ ಸಲುವಾಗಿ ಬರೆದರು, ಅದರಿಂದ ಯಾರ ಹಕ್ಕು ಬಲವಾಯಿತು ಎಂದು ಕೇಳಬೇಕು. ಹಾಗೆ ಕೇಳಿದಾಗ, ಗ್ರಹಗಳ ವಿಷಯದಲ್ಲಿ ಏನನ್ನೂ ತಿಳಿಸದ ಭವಿಷ್ಯವಾಣಿಯೂ ಅದನ್ನು ಉಳಿಸಿಕೊಂಡು ಬಂದ ಜನರ ವಿಷಯದಲ್ಲಿ ಬಹಳಷ್ಟನ್ನು ತಿಳಿಸುತ್ತದೆ.