ಪ್ರಮಾಣದ ಪರೀಕ್ಷೆಯೂ ಬೆಂಗಳೂರಿನ ಕೈಗಾರಿಕೆಯೂ

ಒಂದು ಸಮೂಹದಲ್ಲಿ ನಿರ್ದಿಷ್ಟ ಗುಣವುಳ್ಳವುಗಳ ಪಾಲು ಇಷ್ಟೇ ಎಂಬ ಹೇಳಿಕೆಯನ್ನು, ಆ ಸಮೂಹದ ಒಂದಂಶವನ್ನು ಮಾತ್ರ ನೋಡಿ ಒಪ್ಪಬಹುದೆ? ಈ ಪ್ರಶ್ನೆಗೆ ದೀರ್ಘವಾದ ಚರಿತ್ರೆಯುಂಟು. 1710ರಲ್ಲಿ ಜಾನ್ ಅರ್ಬತ್ನಾಟರು ಲಂಡನ್ನಿನ ದೀಕ್ಷಾಸ್ನಾನದ ದಾಖಲೆಗಳನ್ನು ಪರಿಶೀಲಿಸಿ, 82 ವರ್ಷಗಳಲ್ಲಿಯೂ ಗಂಡುಮಕ್ಕಳ ಸಂಖ್ಯೆಯೇ ಹೆಚ್ಚಾಗಿದ್ದುದನ್ನು ಕಂಡರು. ಗಂಡು ಹೆಣ್ಣುಗಳ ಜನನಕ್ಕೆ ಸಮಾನ ಸಂಭವವಿದ್ದರೆ ಹೀಗಾಗುವುದು ಅಸಾಧ್ಯಪ್ರಾಯವೆಂದು ತರ್ಕಿಸಿ, ಇದು ದೈವಸಂಕಲ್ಪವೆಂದು ತೀರ್ಮಾನಿಸಿದರು.

ದೈವಸಂಕಲ್ಪವನ್ನು ಅರಸಿದ ಈ ತರ್ಕವು 20ನೆಯ ಶತಮಾನದಲ್ಲಿ ಕಾರ್ಖಾನೆಯನ್ನು ಹೊಕ್ಕಿತು. ಅಮೆರಿಕದ ದೂರವಾಣಿ ಉದ್ಯಮದಲ್ಲಿದ್ದ ವಾಲ್ಟರ್ ಶೂಹಾರ್ಟರು 1924ರಲ್ಲಿ ದೋಷಯುಕ್ತ ವಸ್ತುಗಳ ಪ್ರಮಾಣವನ್ನು ಗಮನಿಸಲು ನಿಯಂತ್ರಣ ಪಟವನ್ನು ರಚಿಸಿದರು. ಪಿ. ಸಿ. ಮಹಲನೋಬಿಸರ ಆಹ್ವಾನದ ಮೇರೆಗೆ ಅವರು 1947-48ರಲ್ಲಿ ಭಾರತಕ್ಕೆ ಬಂದರು. ಬೆಂಗಳೂರಿನ ಹೊರವಲಯದಲ್ಲಿ ಕೈಗಾರಿಕೆ ಬೇರೂರಿದ್ದೂ ಅದೇ ಕಾಲದಲ್ಲಿ. ಕೃಷ್ಣರಾಜಪುರದ ಸಮೀಪದಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ಥಾನ್ ಮಷೀನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದುವು. 1970ರ ದಶಕದಿಂದ ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳು ಬೆಳೆದು, ದೊಡ್ಡ ಉದ್ಯಮಗಳಿಗೆ ಬಿಡಿಭಾಗಗಳನ್ನು ಒದಗಿಸತೊಡಗಿದುವು.

ಇಲ್ಲಿ ಪರೀಕ್ಷೆಯ ಸ್ವರೂಪವನ್ನು ಒಂದು ಕಲ್ಪಿತ ನಿದರ್ಶನದಿಂದ ತಿಳಿಯಬಹುದು. ತನ್ನ ಸರಕಿನಲ್ಲಿ ದೋಷಯುಕ್ತವಾದುವು ನೂರಕ್ಕೆ 2ನ್ನು ಮೀರುವುದಿಲ್ಲವೆಂದು ಸಣ್ಣ ಕಾರ್ಖಾನೆಯೊಂದು ಹೇಳುತ್ತದೆ. ಇದೇ ಶೂನ್ಯ ಪ್ರಾಕ್ಕಲ್ಪನೆ. ಕೊಳ್ಳುವವನು ಯಾದೃಚ್ಛಿಕವಾಗಿ 400 ಬಿಡಿಭಾಗಗಳನ್ನು ಆರಿಸಿ ನೋಡಿದಾಗ 14 ದೋಷಯುಕ್ತವಾಗಿವೆ. ಎಂದರೆ ನೂರಕ್ಕೆ 3.5. ಹೇಳಿಕೆ ನಿಜವಾಗಿದ್ದರೆ ಪ್ರಮಾಣದ ಮಾನಕ ದೋಷವು, 0.02 ಮತ್ತು 0.98ರ ಗುಣಲಬ್ಧವನ್ನು 400ರಿಂದ ಭಾಗಿಸಿ ವರ್ಗಮೂಲ ತೆಗೆದಾಗ ಬರುವ 0.007. ಕಂಡ ಅಂತರ 0.015. ಆದಕಾರಣ ಅಂತರವು ಮಾನಕ ದೋಷದ ಸುಮಾರು 2.14 ಪಾಲು. ಏಕಪಾರ್ಶ್ವ ಪರೀಕ್ಷೆಯಲ್ಲಿ ನೂರಕ್ಕೆ 5ರ ಸಾರ್ಥಕತಾ ಮಟ್ಟದ ಎಲ್ಲೆ 1.645, ನೂರಕ್ಕೆ 1ರದು 2.33. ಮೊದಲನೆಯ ಎಲ್ಲೆಯಂತೆ ಸರಕು ತಿರಸ್ಕೃತ. ಎರಡನೆಯದರಂತೆ ತಿರಸ್ಕರಿಸಲು ಸಾಕಷ್ಟು ಆಧಾರವಿಲ್ಲ.

ಸರಕು ಅದೇ, ಲೆಕ್ಕವೂ ಅದೇ. ತೀರ್ಪು ಮಾತ್ರ ಬೇರೆ. ಒಳ್ಳೆಯ ಸರಕನ್ನು ತಿರಸ್ಕರಿಸಿದರೆ ತಯಾರಕನಿಗೂ ಅವನ ಕೆಲಸಗಾರರಿಗೂ ಹಾನಿ. ಕೆಟ್ಟದ್ದನ್ನು ಒಪ್ಪಿದರೆ ಕೊಳ್ಳುವವನಿಗೆ ಹಾನಿ. ಈ ಎರಡು ಬಗೆಯ ತಪ್ಪುಗಳನ್ನು ಬೇರ್ಪಡಿಸಿ, ಅವುಗಳ ಆಧಾರದ ಮೇಲೆ ಪರೀಕ್ಷೆಯ ಸಿದ್ಧಾಂತವನ್ನು ನೆಲೆಗೊಳಿಸಿದವರು ನೇಮನ್ ಮತ್ತು ಈಗನ್ ಪಿಯರ್ಸನ್. ಇವರ ಮುಖ್ಯ ಪ್ರಬಂಧ 1933ರಲ್ಲಿ ಪ್ರಕಟವಾಯಿತು. ಮಾದರಿಯ ಗಾತ್ರವನ್ನು ಹೆಚ್ಚಿಸದೆ ಒಂದು ತಪ್ಪನ್ನು ತಗ್ಗಿಸಿದರೆ ಇನ್ನೊಂದು ಹೆಚ್ಚುತ್ತದೆ. ಎಲ್ಲೆಯನ್ನು ಗೊತ್ತುಮಾಡುವುದು ಗಣಿತವಲ್ಲ, ಮನುಷ್ಯ. ಆದುದರಿಂದಲೇ ಅದನ್ನು ಸರಕನ್ನು ಎಣಿಸುವ ಮೊದಲೇ, ಉಭಯ ಪಕ್ಷಗಳೂ ಅರಿತಿರುವಂತೆ, ನಿಶ್ಚಯಿಸತಕ್ಕದ್ದು. ಎಣಿಸಿದ ಮೇಲೆ ಅನುಕೂಲವಾದ ಎಲ್ಲೆಯನ್ನು ಆರಿಸುವುದು ಪರೀಕ್ಷೆಯಲ್ಲ, ಪಕ್ಷಪಾತ.

ಇತಿಹಾಸದ ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಠವಿದೆ. ಒಂದು ಹೇಳಿಕೆಯನ್ನು ತಿರಸ್ಕರಿಸಲು ಆಧಾರ ಸಾಲದಿರುವುದು ಬೇರೆ, ಅದು ಸಿದ್ಧವಾಗುವುದು ಬೇರೆ. ನಮಗೆ ಉಳಿದುಬಂದಿರುವ ಶಾಸನಗಳಾಗಲಿ ಕಾಗದಪತ್ರಗಳಾಗಲಿ ಯಾದೃಚ್ಛಿಕವಾಗಿ ಆರಿಸಿದ ಮಾದರಿಯಲ್ಲ. ಕಾಲವು ಉಳಿಸಿದ ಶೇಷ ಮಾತ್ರ. ಅವುಗಳಿಂದ ಪ್ರಮಾಣಗಳನ್ನು ಹೇಳುವಾಗ ನಾವು ಆ ಕಾರ್ಖಾನೆಯ ಪರೀಕ್ಷಕನಿಗಿಂತಲೂ ಹೆಚ್ಚು ಎಚ್ಚರದಿಂದಿರಬೇಕು.